ಗುರುವಾರ ಮತಪೆಟ್ಟಿಗೆ, ಶುಕ್ರವಾರ ಸಿಂಹಾಸನ

2023ರ ಮೇ ತಿಂಗಳ ಮೊದಲ ವಾರ ಇಂಗ್ಲೆಂಡಿನ ಶಾಲೆಗಳ ಕ್ಯಾಲೆಂಡರು ಹೇಗಿತ್ತು ನೋಡಿ. 1ನೇ ತಾರೀಕು ಸೋಮವಾರ ರಜೆ. 4ನೇ ತಾರೀಕು ಗುರುವಾರ ಸ್ಥಳೀಯ ಸಂಸ್ಥೆಗಳ ಚುನಾವಣೆ. ಲಂಡನ್ ಬಿಟ್ಟು ಉಳಿದ ಕಡೆ ಎಷ್ಟೋ ಪ್ರಾಥಮಿಕ ಶಾಲೆಗಳ ಸಭಾಂಗಣ, ಅಂದರೆ ಹಾಲೇ, ಅವತ್ತು ಮತಗಟ್ಟೆ: ಪ್ಲೈವುಡ್ಡಿನ ಮರೆ, ದಾರ ಕಟ್ಟಿದ ಮೋಟು ಪೆನ್ಸಿಲ್, ಮೇಲೆ ಸೀಳಿರುವ ಡಬ್ಬ. ಇಂಗ್ಲೆಂಡಿನಲ್ಲಿ ಎಲ್ಲ ಮತದಾರರಿಂದ ಫೋಟೋ ಇರುವ ಗುರುತಿನ ಚೀಟಿ ಕೇಳಿದ್ದು ಆ ಸಲವೇ ಮೊದಲು. ರಾತ್ರಿ ಹತ್ತಕ್ಕೆ ಮತದಾನ ಮುಗಿದು ಮರೆಗಳನ್ನು ಮಡಿಸಿಟ್ಟರು. ಶುಕ್ರವಾರ ಬೆಳಗಾದರೆ ಅಂಥದೇ ಹಾಲುಗಳಲ್ಲಿ ಕೆಂಪು, ಬಿಳಿ, ನೀಲಿ ತೋರಣ, ವೆಲ್ವೆಟ್ ಬಟ್ಟೆ ಹೊದಿಸಿ ಸಿಂಹಾಸನ ಮಾಡಿದ ಒಂದು ಕುರ್ಚಿ, ಕೈಯಲ್ಲಿ ಬಾವುಟ ಹಿಡಿದು ಸಾಲಾಗಿ ಕೂತ ಮಕ್ಕಳು. ಶನಿವಾರ ವೆಸ್ಟ್‌ಮಿನ್‌ಸ್ಟರ್ ಅಬೆ ಎಂಬ ಚರ್ಚಿನಲ್ಲಿ ಮೂರನೇ ಚಾರ್ಲ್ಸ್ ಪಟ್ಟಾಭಿಷೇಕ. ಸೋಮವಾರ ಅದಕ್ಕೆಂದೇ ಇನ್ನೊಂದು ರಜೆ. ಮಂಗಳವಾರದಿಂದ ಪ್ರಾಥಮಿಕ ಶಾಲೆಯ ಕೊನೆಯ ತರಗತಿಯ ಹತ್ತು-ಹನ್ನೊಂದು ವಯಸ್ಸಿನ ಮಕ್ಕಳಿಗೆ ಸ್ಯಾಟ್ಸ್ ಎಂಬ ರಾಷ್ಟ್ರೀಯ ಪರೀಕ್ಷೆ, ಅದೂ ಈ ರಜೆಗೋಸ್ಕರ ಒಂದು ದಿನ ತಳ್ಳಿಸಿಕೊಂಡು ಬಂದದ್ದು.

ಈ ಎರಡು ದಿನಗಳು ತಲೆಯಲ್ಲಿ ಕೂತು ಬಿಡದೆ ಕಾಡುತ್ತಿವೆ. ಗುರುವಾರ ಆ ಹಾಲಿನೊಳಗೆ ಬಂದ ದೊಡ್ಡವರು ಯಾರಿಗೆ ಮತ ಹಾಕಿದರು ಎಂಬುದನ್ನು ಯಾರೂ ನೋಡುವ ಹಾಗಿರಲಿಲ್ಲ. ಅದಕ್ಕೆಂದೇ ಮರೆ, ಅದಕ್ಕೆಂದೇ ಚೀಟಿ ಮಡಿಸುವುದು. ಬರದೇ ಮನೆಯಲ್ಲಿ ಕೂತರೂ ಕೇಳುವವರಿರಲಿಲ್ಲ. ಶುಕ್ರವಾರ ಬಾವುಟ ಬೀಸದ ಮಗು ಯಾವುದು ಎಂಬುದು ಇಡೀ ಹಾಲಿಗೆ ಕಾಣುತ್ತಿತ್ತು. ಆ ಮಗುವಿಗೆ ಎದ್ದು ಹೋಗುವ ದಾರಿಯೂ ಇರಲಿಲ್ಲ, ಯಾಕೆಂದರೆ ಹಾಜರಿ ಹಾಕಿಯಾಗಿತ್ತು.

ಶಾಲೆಗಳು ರಾಜನ ಹಬ್ಬ ಮಾಡಬೇಕೋ ಬೇಡವೋ ಎನ್ನುವ ವಾದ ಸಾಮಾನ್ಯವಾಗಿ ರಾಜನಿಂದ ಶುರುವಾಗುತ್ತದೆ. ರಾಜಮನೆತನ ಬೇಕೇ, ಖರ್ಚೆಷ್ಟು, ಪ್ರವಾಸೋದ್ಯಮಕ್ಕೆ ಲಾಭವೇ ಅಂತೆಲ್ಲ. ನನಗೆ ಅಲ್ಲಿಂದ ಶುರು ಮಾಡುವುದೇ ತಪ್ಪು ಅನ್ನಿಸುತ್ತದೆ. ಶುರು ಮಾಡಬೇಕಾದ್ದು ಹಾಲಿನಿಂದ. ಯಾವ ಗಂಟೆಗೆ, ಏನನ್ನು, ಯಾರ ಕೈಲಿ ಮಾಡಿಸುತ್ತೀರಿ, ಬೇಡ ಅಂದವನು ಎಲ್ಲಿ ಕೂರಬೇಕು? ಇಷ್ಟಕ್ಕೆ ಉತ್ತರ ಸಿಕ್ಕಿದರೆ ದೊಡ್ಡ ಪ್ರಶ್ನೆ ಮುಕ್ಕಾಲು ಬಗೆಹರಿದ ಹಾಗೆ.

ಕಿರೀಟ ಕತ್ತರಿಸುವುದು

ಎಲ್ಲ ಶಾಲೆಯಲ್ಲೂ ಆಗುವ ಮೊದಲ ಕೆಲಸ ಕಾಗದದ ಕಿರೀಟ. ನೋಡಲು ಮಕ್ಕಳಾಟ, ಆದರೆ ಇಡೀ ವಿವಾದ ಇದರೊಳಗೇ ಮಡಿಸಿಕೊಂಡು ಕೂತಿದೆ.

ಎ4 ದಪ್ಪ ಹಾಳೆಯ ಉದ್ದ 29.7 ಸೆಂಟಿಮೀಟರ್. ಎರಡು ಪಟ್ಟಿ ಸೇರಿಸಿದರೆ 59.4. ಎರಡೂ ಕೀಲಿನಲ್ಲಿ ತಲಾ 2 ಸೆಂಟಿಮೀಟರ್ ಒಂದರ ಮೇಲೊಂದು ಬಂದರೆ ಸುತ್ತಳತೆ 55 ಚಿಲ್ಲರೆ. ಐದು ವರ್ಷದ ಮಗುವಿನ ತಲೆ ಸುಮಾರು 51, ಹನ್ನೊಂದು ವರ್ಷದ್ದು 53ರ ಆಸುಪಾಸು. ಹಾಗಾಗಿ ಒಂದು ಕೀಲನ್ನು ಮೇಜಿನ ಮೇಲೆ ಅಂಟಿಸಿ, ಎರಡನೆಯದನ್ನು ತಲೆಗೆ ಸುತ್ತಿ ಅಳತೆ ನೋಡಿಯೇ ಅಂಟಿಸಬೇಕು. ಮೊದಲೇ ಮೂವತ್ತು ಕಿರೀಟ ಅಂಟಿಸಿಟ್ಟರೆ ಹತ್ತು ಮೂಗಿನ ಮೇಲೆ ಇಳಿಯುತ್ತವೆ. ಸ್ಟೇಪ್ಲರ್ ಹೊಡೆಯುವುದಾದರೆ ಪಿನ್ನಿನ ಮಡಿಸಿದ ತುದಿ ಹೊರಗಡೆ ಬರಬೇಕು, ಒಳಗೆ ಬಂದರೆ ಹಣೆ ಗೀರುತ್ತದೆ. ನೀರಾದ ಗಮ್ಮು ಮಧ್ಯಾಹ್ನದ ಊಟದ ಹೊತ್ತಿಗೂ ಒಣಗುವುದಿಲ್ಲ, ಗಮ್ ಸ್ಟಿಕ್ಕೇ ವಾಸಿ. ಮಿನುಗು ಪುಡಿ ಬೇಡವೇ ಬೇಡ. ಅದು ಹಾಳೆಯನ್ನು ಮರುಬಳಕೆಗೆ ಬಾರದ ಹಾಗೆ ಮಾಡುತ್ತದೆ, ಹಾಲಿನ ಮರದ ನೆಲದ ಸಂದಿಯಲ್ಲಿ ಮುಂದಿನ ಚುನಾವಣೆಯವರೆಗೂ ಇರುತ್ತದೆ.

ಇಷ್ಟರವರೆಗೆ ಕೈಕೆಲಸ. ಈಗ ತರಗತಿಯಲ್ಲಿ ಸಿಖ್ ಹುಡುಗನಿದ್ದಾನೆ, ತಲೆಗೆ ಪಟ್ಕಾ ಕಟ್ಟಿದ್ದಾನೆ. ಅವನಿಗೆ ಎರಡು ಪಟ್ಟಿ ಸಾಲದು, ಮೂರನೆಯದು ಬೇಕು. ಅದನ್ನು ಮೊದಲೇ ಕತ್ತರಿಸಿಟ್ಟ ಟೀಚರಿಗೂ, ಕೊನೆಗೆ ಎಲ್ಲರೆದುರು 'ಅಯ್ಯೋ ಇದು ಹಿಡಿಸಲ್ಲ' ಅನ್ನುವ ಟೀಚರಿಗೂ ವ್ಯತ್ಯಾಸವಿದೆ. ಇನ್ನೊಂದು ಮಗು ಯೆಹೋವನ ಸಾಕ್ಷಿಗಳು ಎಂಬ ಕ್ರೈಸ್ತ ಪಂಥದ ಮನೆಯದು. ಅವರು ಹುಟ್ಟುಹಬ್ಬ ಮಾಡುವುದಿಲ್ಲ, ರಾಷ್ಟ್ರಗೀತೆ ಹಾಡುವುದಿಲ್ಲ, ಕಿರೀಟವನ್ನೂ ಹಾಕಿಕೊಳ್ಳಲಾರರು. ಆ ಮಗುವನ್ನು ಕಚೇರಿಯ ಪಕ್ಕದ ಕುರ್ಚಿಯಲ್ಲಿ ಬಣ್ಣ ಹಚ್ಚುವ ಪುಸ್ತಕ ಕೊಟ್ಟು ಕೂರಿಸುವುದು ಸಾಮಾನ್ಯವಾಗಿ ಹೊಳೆಯುವ ದಾರಿ. ಶಾಲೆಯವರಿಗೆ ಅದು ವ್ಯವಸ್ಥೆ, ಮಗುವಿಗೆ ಶಿಕ್ಷೆ. ಮೂರು ಮೇಜು ಹಾಕಿ: ಒಂದರಲ್ಲಿ ಕಿರೀಟ, ಒಂದರಲ್ಲಿ ಅಬೆಯ ಕಟ್ಟಡದ ಮಾದರಿ, ಒಂದರಲ್ಲಿ ಮೆರವಣಿಗೆಯ ದಾರಿಯ ನಕ್ಷೆ. ಎಲ್ಲ ಮಕ್ಕಳೂ ಯಾವುದಾದರೂ ಎರಡನ್ನು ಆರಿಸಿಕೊಳ್ಳಲಿ. ಆಗ ಕಿರೀಟ ಬಿಟ್ಟ ಮಗು ಒಂಟಿಯಲ್ಲ, ಹತ್ತರಲ್ಲಿ ಒಂದು. ಹೆಚ್ಚುವರಿ ಖರ್ಚು ಒಂದು ರಟ್ಟಿನ ಡಬ್ಬ. ಗುರುವಾರದ ಪ್ಲೈವುಡ್ ಮರೆ ಮಾಡಿದ ಕೆಲಸವನ್ನೇ ಈ ಮೂರು ಮೇಜುಗಳು ಶುಕ್ರವಾರ ಮಾಡುತ್ತವೆ.

ಅಸಲಿ ಕಿರೀಟದ ಭಾರ ತಿಳಿಸಬೇಕಾದರೆ ಅದಕ್ಕೂ ಒಂದು ಉಪಾಯ. ಪಟ್ಟಾಭಿಷೇಕದಲ್ಲಿ ತಲೆಗಿಡುವ ಸೇಂಟ್ ಎಡ್ವರ್ಡ್ ಕಿರೀಟ 1661ರಲ್ಲಿ ಮಾಡಿದ್ದು, ಚಿನ್ನದ್ದು, ಸುಮಾರು 2.2 ಕಿಲೋ. ಒಂದು ಚೀಲದಲ್ಲಿ ಎರಡು ಕಿಲೋ ಸಕ್ಕರೆ, ಮೇಲೊಂದು ಸೇಬು ಹಾಕಿ ಮಕ್ಕಳ ಕೈಗೆ ಕೊಡಿ. ತಲೆ ಮೇಲಲ್ಲ, ಕೈಗೆ. ಎಪ್ಪತ್ತನಾಲ್ಕು ವರ್ಷದವರೊಬ್ಬರು ಇದನ್ನು ತಲೆ ಮೇಲಿಟ್ಟುಕೊಂಡು ಕತ್ತು ಅಲ್ಲಾಡಿಸದೆ ಕೂತಿದ್ದರು ಅಂದರೆ ಮಕ್ಕಳಿಗೆ ತಟ್ಟನೆ ಅರ್ಥವಾಗುತ್ತದೆ. ಇದು ಪಾಠ. ಇದಕ್ಕೆ ರಾಜಭಕ್ತಿಯೂ ಬೇಡ, ರಾಜದ್ವೇಷವೂ ಬೇಡ.

ಅಡುಗೆಮನೆಯ ಕಷ್ಟ

ಆ ಸಲ ಅರಮನೆಯವರು ದೇಶಕ್ಕೆಲ್ಲ ಒಂದು ತಿಂಡಿಯ ಪಾಕ ಕೊಟ್ಟರು, ಪಟ್ಟಾಭಿಷೇಕದ ಕೀಶ್. ಹಿಟ್ಟಿನ ಬಟ್ಟಲಿನಲ್ಲಿ ಮೊಟ್ಟೆ, ಕೆನೆ, ಸೊಪ್ಪು ತುಂಬಿ ಓವನ್ನಿನಲ್ಲಿ ಬೇಯಿಸುವ ಖಾರವಿಲ್ಲದ ಕಡುಬು ಅಂದುಕೊಳ್ಳಿ. 20 ಸೆಂಟಿಮೀಟರ್ ತಟ್ಟೆಗೆ 125 ಗ್ರಾಂ ಮೈದಾ, 25 ಗ್ರಾಂ ತಣ್ಣನೆಯ ಬೆಣ್ಣೆ, 25 ಗ್ರಾಂ ಲಾರ್ಡ್, 2 ಚಮಚ ಹಾಲು. ಒಳಗೆ 125 ಮಿಲಿ ಹಾಲು, 175 ಮಿಲಿ ಗಟ್ಟಿ ಕೆನೆ, 2 ಮೊಟ್ಟೆ, ಒಂದು ಚಮಚ ಟ್ಯಾರಗನ್ ಸೊಪ್ಪು, 100 ಗ್ರಾಂ ತುರಿದ ಚೆಡ್ಡರ್ ಚೀಸ್, 180 ಗ್ರಾಂ ಬೇಯಿಸಿದ ಪಾಲಕ್, 60 ಗ್ರಾಂ ಬ್ರಾಡ್ ಬೀನ್ಸ್ ಅಥವಾ ಸೋಯಾ ಕಾಳು. ಬಟ್ಟಲನ್ನು ಖಾಲಿಯಾಗಿ 190 ಡಿಗ್ರಿಯಲ್ಲಿ 15 ನಿಮಿಷ, ತುಂಬಿದ ಮೇಲೆ 160ರಲ್ಲಿ 20ರಿಂದ 25 ನಿಮಿಷ.

ಒಂದು ತಟ್ಟೆ ಆರು ಜನಕ್ಕೆ. ಮಕ್ಕಳಿಗೆ ಅರ್ಧ ತುಂಡು ಸಾಕು ಅಂದರೂ ತಟ್ಟೆಗೆ ಹನ್ನೆರಡು. ವರ್ಷಕ್ಕೊಂದೇ ಸೆಕ್ಷನ್ ಇರುವ ಶಾಲೆಯಲ್ಲಿ ಏಳು ತರಗತಿ, ಮೂವತ್ತರಂತೆ 210 ಮಕ್ಕಳು. ಅಂದರೆ 18 ತಟ್ಟೆ, 36 ಮೊಟ್ಟೆ, 1.8 ಕಿಲೋ ಚೀಸ್, ಮೂರೂಕಾಲು ಕಿಲೋ ಬೆಂದ ಪಾಲಕ್. ಲೆಕ್ಕ ಸುಲಭ, ತೊಡಕಿರುವುದು ಬೇರೆ ಕಡೆ. ಲಾರ್ಡ್ ಅಂದರೆ ಹಂದಿಕೊಬ್ಬು. ಹೊರಗೆ ಕಾಣುವುದು ಸೊಪ್ಪು, ಚೀಸು, ಹೆಸರಿನಲ್ಲೆಲ್ಲೂ ಮಾಂಸವಿಲ್ಲ. 'ವೆಜ್' ಅಂದುಕೊಂಡು ತಿನ್ನುವ ಹಿಂದೂ, ಜೈನ ಮಗು, ತಿನ್ನಲೇಬಾರದ ಮುಸ್ಲಿಂ, ಯೆಹೂದಿ ಮಗು ಎಲ್ಲರೂ ಒಂದೇ ಸಾಲಿನಲ್ಲಿ ತಟ್ಟೆ ಹಿಡಿದು ನಿಂತಿರುತ್ತಾರೆ. ಲಾರ್ಡ್ ಬಿಟ್ಟು 50 ಗ್ರಾಂ ಬೆಣ್ಣೆಯನ್ನೇ ಹಾಕಿದರೆ ಏನೂ ಕೆಡುವುದಿಲ್ಲ, ಬಟ್ಟಲು ಸ್ವಲ್ಪ ಗರಿಗರಿ ಕಡಿಮೆಯಾಗಬಹುದು ಅಷ್ಟೆ. ಇನ್ನು ಬ್ರಾಡ್ ಬೀನ್ಸ್, ನೋಡಲು ನಮ್ಮ ಹಿತಕವರೆಯ ದೊಡ್ಡಣ್ಣ. ಜಿ6ಪಿಡಿ ಎಂಬ ಕಿಣ್ವದ ಕೊರತೆ ಇರುವ ಮಕ್ಕಳಿಗೆ ಇದು ವಿಷ, ಕೆಂಪು ರಕ್ತಕಣಗಳು ಒಡೆಯುತ್ತವೆ. ಮೆಡಿಟರೇನಿಯನ್, ಆಫ್ರಿಕಾ, ಏಷ್ಯಾ ಮೂಲದ ಮನೆಗಳಲ್ಲಿ ಈ ಕೊರತೆ ಹೆಚ್ಚು. ಬದಲಿಗೆ ಸೋಯಾ ಹಾಕಿದರೆ, ಬ್ರಿಟನ್ನಿನ ಕಾನೂನು ಘೋಷಿಸಲೇಬೇಕೆನ್ನುವ 14 ಅಲರ್ಜಿ ಪದಾರ್ಥಗಳಲ್ಲಿ ಅದೂ ಒಂದು. ಗೋಧಿ, ಹಾಲು, ಮೊಟ್ಟೆ ಮೊದಲೇ ಪಟ್ಟಿಯಲ್ಲಿವೆ. ಬಟಾಣಿ ಹಾಕಿ, ಅರಮನೆಯವರು ಬಂದು ರುಚಿ ನೋಡುವುದಿಲ್ಲ.

ಅರಮನೆಗೆ ಕೆಟ್ಟ ಉದ್ದೇಶವಿತ್ತು ಎಂದು ನಾನು ಹೇಳುತ್ತಿಲ್ಲ. ಮಾಂಸದ ತುಂಡಿಲ್ಲದ ತಿಂಡಿ ಆರಿಸಿದ್ದರಲ್ಲೇ ಎಲ್ಲರೂ ಹಂಚಿಕೊಳ್ಳಲಿ ಎಂಬ ಆಸೆ ಇತ್ತು. ಆದರೂ ಒಂದು ಬಗೆಯ ಅಡುಗೆಮನೆಯಲ್ಲಿ ಬೆಳೆದವರಿಗೆ ಲಾರ್ಡ್ ಕಣ್ಣಿಗೇ ಬೀಳುವುದಿಲ್ಲ. 'ಇಡೀ ದೇಶದ ಹಬ್ಬ' ಅನ್ನುವಾಗ ಆ ಇಡೀ ದೇಶದಲ್ಲಿ ಯಾರ್ಯಾರಿದ್ದಾರೆ ಎಂಬುದನ್ನು ಶಾಲೆಯ ಅಡುಗೆಯವರು ಅರಮನೆಯವರಿಗಿಂತ ಚೆನ್ನಾಗಿ ಬಲ್ಲರು. ಅವರ ಹತ್ತಿರ ಅಲರ್ಜಿ ಪಟ್ಟಿ ಇರುತ್ತದಲ್ಲ.

ಊಟದ ವಿಷಯಕ್ಕೆ ನನ್ನ ಪೂರ್ತಿ ಒಪ್ಪಿಗೆ ಇದೆ ಅಂತ ಇಲ್ಲೇ ಹೇಳಿಬಿಡುತ್ತೇನೆ. 1.8 ಮೀಟರ್ ಮಡಿಸುವ ಮೇಜಿಗೆ ಎಂಟು ಮಕ್ಕಳು, 27 ಮೇಜು, ತುದಿಗೆ ತುದಿ ಜೋಡಿಸಿದರೆ ಸುಮಾರು 49 ಮೀಟರ್ ಉದ್ದದ ಪಂಕ್ತಿ. ಅಷ್ಟು ಉದ್ದದ ಪಂಕ್ತಿಯಲ್ಲಿ ಅಕ್ಕಪಕ್ಕ ಕೂತು ಉಣ್ಣುವುದು ಈ ಮಕ್ಕಳಿಗೆ ಬೇರೆಲ್ಲಿ ಸಿಗುತ್ತದೆ? ಮದುವೆಮನೆ, ಮಠ, ಜಾತ್ರೆ ಕಂಡ ನಮಗೆ ಅದರ ಬೆಲೆ ಗೊತ್ತು. 1953ರಲ್ಲಿ ಎಲಿಜಬೆತ್ ರಾಣಿಯ ಪಟ್ಟಾಭಿಷೇಕವಾದಾಗ ಬ್ರಿಟನ್ನಿನಲ್ಲಿ ಸಕ್ಕರೆ ಇನ್ನೂ ರೇಷನ್ನಿನಲ್ಲಿತ್ತು. ಮಿಠಾಯಿಯ ಮೇಲಿನ ಕಡಿವಾಣ ತೆಗೆದು ನಾಲ್ಕೇ ತಿಂಗಳಾಗಿತ್ತು. ಹಬ್ಬಕ್ಕೆಂದು ತಲೆಗೊಂದು ಪೌಂಡ್ ಸಕ್ಕರೆ ಹೆಚ್ಚಿಗೆ ಕೊಟ್ಟರು, 450 ಗ್ರಾಂ. ಆ ತಲೆಮಾರಿನವರ ಬಾಯಲ್ಲಿ ಇವತ್ತಿಗೂ ಉಳಿದಿರುವುದು ರಾಣಿಯಷ್ಟೇ ಆ ಸಿಹಿ. ರಾಜನನ್ನು ಬೇಡ ಅನ್ನುವವರು ಶಾಲೆಯ ಪಂಕ್ತಿಯನ್ನೂ ಎತ್ತಿಸಲು ಹೊರಟರೆ ಮಕ್ಕಳ ಕಣ್ಣಲ್ಲಿ ಅವರೇ ಖಳರಾಗುತ್ತಾರೆ.

ಕಾನೂನು ಎಷ್ಟು ದೂರ ಬರುತ್ತದೆ

1996ರ ಶಿಕ್ಷಣ ಕಾಯ್ದೆಯ 406ನೇ ಸೆಕ್ಷನ್ನು ಇಂಗ್ಲೆಂಡಿನ ಶಾಲೆಗಳಲ್ಲಿ ಪಾಠದ ಮೂಲಕ ಪಕ್ಷಪಾತದ ರಾಜಕೀಯ ನಿಲುವು ತುಂಬಬಾರದು ಎನ್ನುತ್ತದೆ. 407, ರಾಜಕೀಯ ವಿಷಯ ಬಂದಾಗ ಎದುರು ನಿಲುವನ್ನೂ ಸಮತೋಲನವಾಗಿ ಮುಂದಿಡಬೇಕು ಎನ್ನುತ್ತದೆ. ಅರಸೊತ್ತಿಗೆ ರಾಜಕೀಯ ವಿಷಯ ಹೌದೋ ಅಲ್ಲವೋ? ಅದು ಸಂವಿಧಾನದ ಭಾಗ, ರಾಜಕೀಯಕ್ಕೆ ಮೇಲೆ ಅಂತ ಒಂದು ಪಕ್ಷ. ಅದು ಇರಬೇಕೇ ಎಂಬುದೇ ರಾಜಕೀಯದಲ್ಲಿ ಮೊದಲ ಪ್ರಶ್ನೆ ಅಂತ ರಿಪಬ್ಲಿಕ್ ಎಂಬ ಸಂಘಟನೆ. ಪಟ್ಟಾಭಿಷೇಕದ ದಿನ ಬೆಳಗ್ಗೆ ಆ ಸಂಘಟನೆಯ ಆರು ಮಂದಿಯನ್ನು ಫಲಕಗಳ ಸಮೇತ ಪೊಲೀಸರು ಹಿಡಿದರು, ಆಮೇಲೆ ಏನೂ ಕೇಸಿಲ್ಲ ಅಂತ ಬಿಟ್ಟು ವಿಷಾದ ಹೇಳಿದರು. ಫಲಕ ಹಿಡಿದವರನ್ನು ಲಾಕಪ್ಪಿಗೆ ಹಾಕುವ ಮಟ್ಟಕ್ಕೆ ಹೋಗುವ ವಿಷಯ ರಾಜಕೀಯವಲ್ಲ ಅಂದರೆ ಕೇಳಲು ಸ್ವಲ್ಪ ಕಷ್ಟ.

ತಮಾಷೆ ಏನೆಂದರೆ, 2014ರಿಂದ ಅಲ್ಲಿನ ಶಾಲೆಗಳು ಗೋಡೆಗೆ ಅಂಟಿಸಿಕೊಂಡಿರುವ 'ಮೂಲಭೂತ ಬ್ರಿಟಿಷ್ ಮೌಲ್ಯಗಳು' ಎಂಬ ಪಟ್ಟಿಯಲ್ಲಿ ರಾಜ ಇಲ್ಲ. ಪ್ರಜಾಪ್ರಭುತ್ವ, ಕಾನೂನಿನ ಆಳ್ವಿಕೆ, ವ್ಯಕ್ತಿ ಸ್ವಾತಂತ್ರ್ಯ, ಬೇರೆ ನಂಬಿಕೆಯವರ ಬಗ್ಗೆ ಪರಸ್ಪರ ಗೌರವ ಮತ್ತು ಸಹನೆ, ಇಷ್ಟೇ. ಸರಕಾರವೇ ಬರೆದ ಪಟ್ಟಿ!

ದುಡ್ಡಿನ ವಿಷಯದಲ್ಲಿ ಕಾನೂನು ಇನ್ನೂ ಸ್ಪಷ್ಟ. ಶಾಲೆಯ ಹೊತ್ತಿನಲ್ಲಿ ನಡೆಯುವ ಕಾರ್ಯಕ್ರಮಕ್ಕೆ ಸರಕಾರಿ ಶಾಲೆ ಶುಲ್ಕ ಹಾಕುವಂತಿಲ್ಲ, ಸ್ವಇಚ್ಛೆಯ ಕಾಣಿಕೆ ಕೇಳಬಹುದು ಅಷ್ಟೆ. ಕೆಡುವುದು ಎಲ್ಲಿ ಅಂದರೆ, ಶಾಲೆಯ ಆ್ಯಪಿನಲ್ಲಿ 'ಬಾಕಿ: 3 ಪೌಂಡ್' ಅಂತ ಬರುತ್ತದೆ, ಎರಡು ದಿನಕ್ಕೊಮ್ಮೆ ಜ್ಞಾಪನೆ ಬರುತ್ತದೆ. ಸ್ವಇಚ್ಛೆ ಎನ್ನುವ ಮಾತು ಪತ್ರದ ಕೊನೇ ಸಾಲಿನಲ್ಲಿ ಸಣ್ಣಕ್ಷರದಲ್ಲಿರುತ್ತದೆ. ಕೆಂಪು, ಬಿಳಿ, ನೀಲಿ ಬಟ್ಟೆಯೂ ಹಾಗೆಯೇ. 'ಇದ್ದರೆ ಹಾಕಿ ಕಳಿಸಿ' ಅಂದರೆ ಮಕ್ಕಳ ಕಿವಿಗೆ 'ಕೊಂಡು ತನ್ನಿ' ಅಂತಲೇ ಕೇಳುವುದು.

ಇನ್ನೊಂದು ವಿಚಿತ್ರ. ಅಲ್ಲಿನ ಶಾಲೆಗಳಲ್ಲಿ ದಿನಾ ಸಾಮೂಹಿಕ ಪ್ರಾರ್ಥನೆ ಇರಬೇಕೆಂಬ ಹಳೆಯ ನಿಯಮವಿದೆ, ಜೊತೆಗೆ ಮಗುವನ್ನು ಅದರಿಂದ ಹೊರಗಿಡುವ ಹಕ್ಕೂ ತಂದೆತಾಯಿಗಿದೆ. ಕಾರಣ ಹೇಳಬೇಕಾಗಿಲ್ಲ. ರಾಜನ ಹಬ್ಬಕ್ಕೆ ಅಂಥ ಹಕ್ಕು ಎಲ್ಲೂ ಬರೆದಿಲ್ಲ. ಆದರೆ ಪಟ್ಟಾಭಿಷೇಕ ಅನ್ನುವುದೇ ಒಂದು ಕ್ರೈಸ್ತ ಪೂಜಾವಿಧಿ. ಜೆರುಸಲೇಮಿನಲ್ಲಿ ಮಂತ್ರಿಸಿ ತಂದ ಎಣ್ಣೆಯನ್ನು ಆರ್ಚ್‌ಬಿಷಪ್ಪರು ತೆರೆಯ ಮರೆಯಲ್ಲಿ ಹಚ್ಚಿದರು. ಪ್ರಾಟೆಸ್ಟೆಂಟ್ ಧರ್ಮವನ್ನು ಕಾಪಾಡುತ್ತೇನೆಂದು ರಾಜ ಪ್ರಮಾಣ ಮಾಡಿದರು. ಬೈಬಲ್ಲಿನ ಕೊಲೊಸ್ಸೆಯವರ ಪತ್ರಿಕೆಯನ್ನು ಓದಿದ್ದು ಆಗಿನ ಪ್ರಧಾನಿ ರಿಷಿ ಸುನಕ್, ಹಿಂದೂ, ನಮ್ಮ ಕರ್ನಾಟಕದ ಅಳಿಯ. ಅವರು ವಯಸ್ಕರು, ಹುದ್ದೆಯ ಮೇಲೆ ಹೋಗಿ ಓದಿದರು. ಶಾಲೆಯ ಅಣಕು ಪಟ್ಟಾಭಿಷೇಕದಲ್ಲಿ ಏಳು ವರ್ಷದ ಮುಸ್ಲಿಂ ಮಗುವಿನ ಹಣೆಗೆ 'ಪವಿತ್ರ ತೈಲ' ಹಚ್ಚಿದರೆ ಅದು ನಾಟಕವೋ ಪೂಜೆಯೋ? ಆ ಭಾಗವನ್ನು ಆಡಿಸಲೇಬೇಡಿ. ಅಬೆಯಲ್ಲೂ ಅದನ್ನು ಟಿವಿಗೆ ತೋರಿಸಲಿಲ್ಲ, ಶಾಲೆಯಲ್ಲೂ ತೋರಿಸದಿದ್ದರೆ ನಷ್ಟವೇನಿಲ್ಲ.

ಯಾರು ರಾಜ?

ಅಣಕು ಪಟ್ಟಾಭಿಷೇಕ ಮಾಡುವ ಶಾಲೆಗಳಲ್ಲಿ ಪಾತ್ರ ಹಂಚುವ ಗಳಿಗೆಯೇ ಅಸಲಿ ಪಾಠ. ಬಹಳ ಟೀಚರುಗಳು ಅದನ್ನು ಗಡಿಬಿಡಿಯಲ್ಲಿ ಮುಗಿಸಿಬಿಡುತ್ತಾರೆ ಎಂಬುದು ನನ್ನ ಗುಮಾನಿ. ಟೀಚರೇ ಆರಿಸಿದರೆ ಗಟ್ಟಿ ದನಿಯ, ಹೇಳಿದಂತೆ ಕೇಳುವ ಹುಡುಗ ರಾಜನಾಗುತ್ತಾನೆ. ಚೀಟಿ ಎತ್ತಿದರೆ ನ್ಯಾಯ, ಆದರೆ ರಾಜತ್ವ ಹಾಗೆ ಬರುವುದಿಲ್ಲ. ಕೈ ಎತ್ತಿಸಿ ಆರಿಸಿದರೆ ಅದು ಗಣರಾಜ್ಯವಾಯಿತು. ಪ್ರಾಮಾಣಿಕವಾಗಿ ಆಡಿಸಬೇಕೆಂದರೆ, ಹಾಜರಿ ಪುಸ್ತಕದ ಮೊದಲ ಹೆಸರಿನ ಮಗುವೇ ರಾಜ, ಜೀವನಪೂರ್ತಿ, ಅದರ ನಂತರ ಅದರ ತಮ್ಮ ಅಥವಾ ತಂಗಿ ಅಂತ ಹೇಳಿ ನೋಡಿ. 'ಇದು ಮೋಸ' ಎಂಬ ಕೂಗು ಏಳುತ್ತದೆ. ಏಳಲಿ. 'ಹಾಗಾದರೆ ಇಷ್ಟೊಂದು ಜನ ಯಾಕೆ ಒಪ್ಪಿಕೊಂಡಿದ್ದಾರೆ?' ಅಂತ ಕೇಳಿ, ಆ ಕಡೆಯ ಉತ್ತರಗಳೂ ಬರಲಿ: ಜಗಳವಿಲ್ಲದೆ ಅಧಿಕಾರ ಕೈ ಬದಲಾಗುತ್ತದೆ, ಪಕ್ಷಗಳಾಚೆಗೆ ಒಬ್ಬರು ಇರುತ್ತಾರೆ, ಹಳೆಯದು ಉಳಿಯುತ್ತದೆ. ಇಪ್ಪತ್ತು ನಿಮಿಷದಲ್ಲಿ 407ನೇ ಸೆಕ್ಷನ್ ಕೇಳುವ ಸಮತೋಲನ ತಾನಾಗಿಯೇ ಬಂದಿರುತ್ತದೆ.

ಮುಂದಿನ ಹೆಜ್ಜೆ ಇನ್ನೂ ಕುತೂಹಲದ್ದು. 2013ರ ಉತ್ತರಾಧಿಕಾರ ಕಾಯ್ದೆಯಿಂದ ತಮ್ಮನಿಗಾಗಿ ಅಕ್ಕ ಹಿಂದೆ ಸರಿಯಬೇಕಾದ ನಿಯಮ ಹೋಯಿತು, 2011ರ ಅಕ್ಟೋಬರ್ 28ರ ನಂತರ ಹುಟ್ಟಿದವರಿಗೆ. ಕ್ಯಾಥೊಲಿಕ್ಕರನ್ನು ಮದುವೆಯಾಗಬಾರದೆಂಬ ನಿರ್ಬಂಧವೂ ಹೋಯಿತು. ಆದರೆ ಕ್ಯಾಥೊಲಿಕ್ಕರು ಸ್ವತಃ ಸಿಂಹಾಸನವೇರುವಂತಿಲ್ಲ ಎಂಬ 1701ರ ನಿಯಮ ಹಾಗೇ ಇದೆ. ಇಂಗ್ಲೆಂಡಿನಲ್ಲಿ ಕ್ಯಾಥೊಲಿಕ್ ಶಾಲೆಗಳು ಬೇಕಾದಷ್ಟಿವೆ. ಅಲ್ಲಿ ಮಕ್ಕಳು ಕಿರೀಟ ಹಾಕಿಕೊಂಡು ಜಯಕಾರ ಹಾಕುವಾಗ, ಆ ಹಾಲಿನಲ್ಲಿರುವ ಕ್ಯಾಥೊಲಿಕ್ ಮಗು ಅರಮನೆಯಲ್ಲೇ ಹುಟ್ಟಿದ್ದರೂ ರಾಜನಾಗುವಂತಿರಲಿಲ್ಲ ಎಂಬ ಮಾತನ್ನು ಯಾರಾದರೂ ಹೇಳಬೇಕಲ್ಲವೇ? ಕ್ಯಾಥೊಲಿಕ್-ಪ್ರಾಟೆಸ್ಟೆಂಟ್ ಜಗಳ ಕಂಡ ಉತ್ತರ ಐರ್ಲೆಂಡಿನಲ್ಲಂತೂ ಹೇಳಬೇಕಾಗಿಯೇ ಇಲ್ಲ, ಮಕ್ಕಳಿಗೆ ಮೊದಲೇ ಗೊತ್ತಿರುತ್ತದೆ.

ಅಬೆಯೊಳಗೆ ರಾಜನನ್ನು ಮೊದಲು ಎದುರುಗೊಂಡು ಮಾತಾಡಿದ್ದು ಒಬ್ಬ ಹುಡುಗ, ರಾಜಮನೆತನದ ಚಾಪೆಲ್ಲಿನಲ್ಲಿ ಹಾಡುವವನು. ದೇವರ ರಾಜ್ಯದ ಮಕ್ಕಳಾಗಿ ನಿಮ್ಮನ್ನು ಸ್ವಾಗತಿಸುತ್ತೇವೆ ಎಂದ. ಸೇವೆ ಮಾಡಿಸಿಕೊಳ್ಳಲಲ್ಲ, ಸೇವೆ ಮಾಡಲು ಬಂದಿದ್ದೇನೆ ಎಂದು ರಾಜ ಉತ್ತರಿಸಿದರು. ಚೆನ್ನಾಗಿತ್ತು ಆ ದೃಶ್ಯ. ಅದೇ ದಿನ ಮೊದಲ ಬಾರಿಗೆ ಸಾರ್ವಜನಿಕರೂ ಮನೆಯಿಂದಲೇ ರಾಜನಿಗೆ ನಿಷ್ಠೆಯ ಪ್ರಮಾಣ ಹೇಳಬಹುದು ಎಂದು ಸೇರಿಸಿದ್ದರು. ಸುದ್ದಿ ಬಂದ ಕೂಡಲೇ ಗಲಾಟೆಯಾಯಿತು, ಕೊನೆಗೆ ಆರ್ಚ್‌ಬಿಷಪ್ಪರು ಅದನ್ನು ಬರೀ ಆಹ್ವಾನದ ಮಟ್ಟಕ್ಕೆ ಇಳಿಸಿ ಓದಿದರು. ಸೋಫಾದ ಮೇಲೆ ಚಹಾ ಕುಡಿಯುತ್ತ ಕೂತ ವಯಸ್ಕರಿಗೇ ಪ್ರಮಾಣ ಮಾಡಿ ಅಂದದ್ದು ಮುಜುಗರ ತಂದಿತು. ಹಿಂದಿನ ದಿನ ಶಾಲೆಯ ಅಸೆಂಬ್ಲಿಯಲ್ಲಿ ನಿಂತ ಮಕ್ಕಳ ಪರವಾಗಿ ಅಂಥ ಗಲಾಟೆ ಎದ್ದದ್ದು ನನ್ನ ಕಣ್ಣಿಗಂತೂ ಬೀಳಲಿಲ್ಲ.

ನಮ್ಮ ಮನೆಯ ಲೆಕ್ಕ

ಇಂಗ್ಲೆಂಡಿನ ಕನ್ನಡದ ಮನೆಗಳಿಗೆ ಶಾಲೆಯಿಂದ ಇಂಥ ಪತ್ರ ಬಂದಾಗ ಮೊದಲು ಏಳುವ ಮಾತು: 'ಇವರನ್ನ ಓಡಿಸೋಕೆ ನಮ್ಮಜ್ಜ ಜೈಲಿಗೆ ಹೋಗಿದ್ರು, ಈಗ ಮೊಮ್ಮಗ ಬಾವುಟ ಬೀಸಬೇಕಾ?' ಮಾತಿಗೆ ತೂಕವಿದೆ. ಮೇ 24, ವಿಕ್ಟೋರಿಯಾ ರಾಣಿಯ ಹುಟ್ಟಿದ ದಿನ, ಇಪ್ಪತ್ತನೇ ಶತಮಾನದ ಮೊದಲರ್ಧದಲ್ಲಿ ಎಂಪೈರ್ ಡೇ ಆಗಿತ್ತು. ಬ್ರಿಟನ್ನಿನ ಶಾಲೆಗಳಲ್ಲಿ ಮಕ್ಕಳು ಒಂದೊಂದು ವಸಾಹತಿನ ವೇಷ ಹಾಕಿ ಬಾವುಟಕ್ಕೆ ಸೆಲ್ಯೂಟ್ ಹೊಡೆಯುತ್ತಿದ್ದರು. ಆ ವೇಷಗಳಲ್ಲಿ ಇಂಡಿಯಾ ಕೂಡ ಇತ್ತು. 2023ರಲ್ಲಿ ರಾಣಿ ಕಮಿಲಾ ಹಾಕಿಕೊಂಡ ಕಿರೀಟದಲ್ಲಿ ಕೊಹಿನೂರ್ ಇರಲಿಲ್ಲ. ಯಾಕಿರಲಿಲ್ಲ ಎಂಬ ಪ್ರಶ್ನೆಯನ್ನು ಶಾಲೆಯ ಕ್ವಿಜ್ಜಿನಲ್ಲಿ ಸೇರಿಸುವ ಧೈರ್ಯವಿರುವ ಟೀಚರು ಸಿಕ್ಕರೆ ಆ ಮೊಮ್ಮಗ ಖುಷಿಯಿಂದ ಹೋಗಲಿ.

ಆದರೆ ಇದೇ ಮಾತಾಡುವ ನಾವು ನವರಾತ್ರಿ ಬಂತೆಂದರೆ ಮೈಸೂರಿನ ಖಾಸಗಿ ದರ್ಬಾರಿನ ವಿಡಿಯೋ ಕಳಿಸಿ 'ನಮ್ಮ ಮಹಾರಾಜರು' ಅನ್ನುತ್ತೇವೆ. ಸಂಸ್ಥಾನದ ಕಾಲದಲ್ಲಿ ಬಸವಪ್ಪ ಶಾಸ್ತ್ರಿಗಳ 'ಕಾಯೌ ಶ್ರೀ ಗೌರಿ' ನಮ್ಮ ಶಾಲೆಗಳಲ್ಲೂ ಮೊಳಗುತ್ತಿತ್ತು, ಒಡೆಯರನ್ನು ದೇವಿ ಕಾಪಾಡಲಿ ಎಂಬ ಪ್ರಾರ್ಥನೆಯೇ ಅದು. ಇಂಗ್ಲಿಷರ ರಾಷ್ಟ್ರಗೀತೆಯೂ ದೇವರೇ ದೊರೆಯನ್ನು ಕಾಪಾಡು ಎನ್ನುತ್ತದೆ. ನಾಲ್ವಡಿಯವರಂಥ ದೊರೆ ಇದ್ದಾಗ ಹಾಡಲು ಯಾರಿಗೆ ಬೇಸರ? ಕೆರೆ, ಕಟ್ಟೆ, ಕಾರ್ಖಾನೆ, ವಿಶ್ವವಿದ್ಯಾಲಯ ಕಣ್ಣೆದುರಿಗಿದ್ದವು. ಆದರೆ ಹೀಗೆ ಹಾಡುತ್ತ ಬೆಳೆದ ಶಾಲಾಮಕ್ಕಳ ತಲೆಮಾರೇ 1947ರ ಸೆಪ್ಟೆಂಬರಿನಲ್ಲಿ ಜವಾಬ್ದಾರಿ ಸರಕಾರ ಕೊಡಿ ಅಂತ 'ಮೈಸೂರು ಚಲೋ' ಚಳವಳಿಗೆ ಬೀದಿಗಿಳಿಯಿತು. ದೇಶಕ್ಕೆ ಸ್ವಾತಂತ್ರ್ಯ ಬಂದು ತಿಂಗಳಾಗುವ ಹೊತ್ತು. ಗೋಲಿಬಾರಿನಲ್ಲಿ ರಾಮಸ್ವಾಮಿ ಎಂಬ ವಿದ್ಯಾರ್ಥಿ ಸತ್ತ. ಆ ಜಾಗವೇ ಇವತ್ತಿನ ರಾಮಸ್ವಾಮಿ ವೃತ್ತ. ಜಂಬೂಸವಾರಿಯ ದಾರಿ ಸಯ್ಯಾಜಿರಾವ್ ರಸ್ತೆ ಹಿಡಿದು ಬನ್ನಿಮಂಟಪಕ್ಕೆ ಹೋಗುತ್ತದೆ, ಈ ವೃತ್ತಕ್ಕೆ ಬರುವುದಿಲ್ಲ. ದಸರೆಗೆ ಮೈಸೂರಿಗೆ ಶಾಲಾ ಪ್ರವಾಸ ಕರೆದೊಯ್ಯುವವರು ಹತ್ತು ನಿಮಿಷ ಆ ಕಡೆಗೂ ಬಸ್ಸು ತಿರುಗಿಸಬಹುದು. ಅಕ್ಟೋಬರಿನಲ್ಲಿ ಕೆ.ಸಿ. ರೆಡ್ಡಿಯವರ ಸರಕಾರ ಬಂದದ್ದು ಆ ಚಳವಳಿಯಿಂದಲೇ.

ನಾವು ಮಾಡಿಕೊಂಡ ಒಂದು ಬದಲಾವಣೆ ಮಾತ್ರ ಜಾಣತನದ್ದು ಅಂತ ನನ್ನ ಎಣಿಕೆ. 750 ಕಿಲೋದ ಅಂಬಾರಿಯಲ್ಲಿ ಒಡೆಯರು ಕೂರುತ್ತಿದ್ದ ಜಾಗದಲ್ಲಿ ಈಗ ಚಾಮುಂಡೇಶ್ವರಿ ಕೂತಿದ್ದಾಳೆ. ಮೆರವಣಿಗೆ ನಾಡಹಬ್ಬವಾಯಿತು, ಮಕ್ಕಳ ದಸರಾ, ಯುವ ದಸರಾ ಬಂದವು. ದೇವಿ ಕೂತದ್ದರಿಂದ ಅದು ಎಲ್ಲರ ಹಬ್ಬವಾಯಿತೇ ಎಂಬ ಇನ್ನೊಂದು ತಕರಾರು ಅಲ್ಲಿದೆ, ಅದಕ್ಕೆ ಬೇರೆಯೇ ಬರಹ ಬೇಕು.

ಹಾಡಲ್ಲ ಅಂದವರ ವಿಷಯದಲ್ಲಿ ನಮ್ಮ ಸುಪ್ರೀಂ ಕೋರ್ಟು ಇಂಗ್ಲೆಂಡಿಗಿಂತ ಸ್ಪಷ್ಟ. 1985ರಲ್ಲಿ ಕೇರಳದ ಶಾಲೆಯೊಂದು ಯೆಹೋವನ ಸಾಕ್ಷಿಗಳ ಮನೆಯ ಮೂವರು ಮಕ್ಕಳನ್ನು ಹೊರಗೆ ಹಾಕಿತು. ಜನಗಣಮನ ಹಾಡುವಾಗ ಅವರು ಗೌರವದಿಂದ ಎದ್ದು ನಿಲ್ಲುತ್ತಿದ್ದರು, ಹಾಡುತ್ತಿರಲಿಲ್ಲ. 1986ರಲ್ಲಿ ಬಿಜೋ ಇಮ್ಯಾನುಯೆಲ್ ಪ್ರಕರಣದ ತೀರ್ಪು ಮಕ್ಕಳನ್ನು ವಾಪಸ್ ಸೇರಿಸಿಕೊಳ್ಳಿ ಎಂದಿತು. ಗಣರಾಜ್ಯದ ಗೀತೆಗೇ ಇಷ್ಟು ಸಡಿಲ ಇರುವಾಗ, ಬದುಕಿರುವ ಒಂದು ಮನೆತನದ ಜಯಕಾರಕ್ಕೆ ಅದಕ್ಕಿಂತ ಬಿಗಿ ಯಾಕೆ? ಜಪಾನಿನಲ್ಲಿ ಚಕ್ರವರ್ತಿಯ ಕಾಲ ಅನಂತವಾಗಿರಲಿ ಎನ್ನುವ ರಾಷ್ಟ್ರಗೀತೆಗೆ ಎದ್ದು ನಿಲ್ಲದ ಟೋಕಿಯೋ ಶಿಕ್ಷಕರಿಗೆ 2003ರ ಸುತ್ತೋಲೆಯ ನಂತರ ಸಾಲುಸಾಲಾಗಿ ಶಿಸ್ತುಕ್ರಮ ಆಯಿತು. ಶಿಕ್ಷಕರಿಗೇ ಆ ಗತಿಯಾದರೆ ಮಕ್ಕಳು ಬಾಯಿ ಬಿಡುವುದುಂಟೇ?

ಬೇರೆಯವರು ಮಾಡಿದ್ದು

ನೆದರ್‌ಲ್ಯಾಂಡ್ಸಿನವರು 2013ರಿಂದ ರಾಜನ ಹುಟ್ಟುಹಬ್ಬಕ್ಕೆ ಮುಂಚೆ ಶಾಲೆಗಳಲ್ಲಿ 'ರಾಜನ ಆಟಗಳು' ನಡೆಸುತ್ತಾರೆ. ಬೆಳಗ್ಗೆ ಎಲ್ಲರೂ ಒಟ್ಟಿಗೆ ತಿಂಡಿ, ಆ ವರ್ಷದ ಹಾಡಿಗೆ ಕುಣಿತ, ಆಮೇಲೆ ಓಟ, ಜಿಗಿತ. ಹೆಸರು ರಾಜನದ್ದು, ಕೆಲಸ ಕ್ರೀಡಾಕೂಟದ್ದು. ನನಗೆ ಇದಕ್ಕಿಂತ ಹಿಡಿಸಿದ್ದು ನಾರ್ವೆ. ಮೇ 17ರಂದು ಓಸ್ಲೋದಲ್ಲಿ ಶಾಲೆ ಶಾಲೆಯ ಮಕ್ಕಳು ಬ್ಯಾಂಡು ಬಾರಿಸುತ್ತ ಅರಮನೆ ಮುಂದೆ ಹಾದುಹೋಗುತ್ತಾರೆ, ರಾಜಮನೆತನ ಬಾಲ್ಕನಿಯಲ್ಲಿ ಗಂಟೆಗಟ್ಟಲೆ ನಿಂತು ಕೈ ಬೀಸುತ್ತದೆ. ಆದರೆ ಆ ದಿನ ರಾಜನದ್ದಲ್ಲ, 1814ರ ಸಂವಿಧಾನದ್ದು. ಮಕ್ಕಳು ನಡೆಯುತ್ತಲೇ ಇರುತ್ತಾರೆ, ಕಾಲು ನೋಯಿಸಿಕೊಂಡು ನಿಲ್ಲುವವನು ರಾಜ.

ಪತ್ರ

2022ರಲ್ಲಿ ಎಲಿಜಬೆತ್ ರಾಣಿಯ ಆಳ್ವಿಕೆಯ ಎಪ್ಪತ್ತನೇ ವರ್ಷಕ್ಕೆ ಪ್ರಾಥಮಿಕ ಶಾಲಾ ಮಕ್ಕಳಿಗೆ ಪುಸ್ತಕ ಹಂಚಲು ಸರಕಾರ 1.2 ಕೋಟಿ ಪೌಂಡ್ ತೆಗೆದಿಟ್ಟಿತು. ಪಟ್ಟಾಭಿಷೇಕಕ್ಕೆ ಸರಕಾರದ ಬೊಕ್ಕಸದಿಂದ ಹೋದದ್ದು 7.2 ಕೋಟಿ. ಈ ಅಂಕಿಗಳ ಮೇಲೆ ಜಗಳವಾಡುವವರು ಆಡಲಿ. ಶಾಲೆ ಕೈಯಿಂದ ಸರಿಪಡಿಸಬಹುದಾದ್ದು ಒಂದು ಪುಟದ ಪತ್ರ, ಪುಕ್ಕಟೆ. ಮೂರು ವಾರ ಮೊದಲೇ ಹೋಗಬೇಕು. ಮುಂದೊಂದು ದಿನ ಇನ್ನೊಬ್ಬ ದೊರೆಗೆ ಪಟ್ಟ ಕಟ್ಟುವಾಗ ಅದು ಹೀಗಿರಲಿ:

'ಶುಕ್ರವಾರ ಬೆಳಗ್ಗೆ ಎಲ್ಲ ತರಗತಿಗಳಲ್ಲಿ ಅರಸೊತ್ತಿಗೆಯ ಇತಿಹಾಸದ ಪಾಠವಿದೆ. ಅದು ಇರಬೇಕು ಎನ್ನುವವರ, ಬೇಡ ಎನ್ನುವವರ ವಾದಗಳೆರಡನ್ನೂ ಮಕ್ಕಳು ಓದುತ್ತಾರೆ. ಮಧ್ಯಾಹ್ನ 12ಕ್ಕೆ ಅಂಗಳದಲ್ಲಿ ಎಲ್ಲರಿಗೂ ಪಂಕ್ತಿ ಊಟ, ಮಳೆ ಬಂದರೆ ಹಾಲಿನಲ್ಲಿ. ಅಡುಗೆಯಲ್ಲಿ ಏನೇನಿದೆ ಎಂಬ ಪಟ್ಟಿ ಹಿಂಬದಿಯಲ್ಲಿದೆ. ಹಣ ಕೊಡಬೇಕಾಗಿಲ್ಲ. 3:15ಕ್ಕೆ ಶಾಲೆ ಬಿಡುತ್ತದೆ. 3:30ಕ್ಕೆ ಬಾವುಟ, ಹಾಡು, ಜಯಕಾರ, ಕೇಕ್. ಇಷ್ಟವಿರುವವರು ಉಳಿಯಬಹುದು. ಹೋಗುವವರು ಹೇಳಿ ಹೋಗಬೇಕಾಗಿಲ್ಲ, ಕೇಕ್ ಬೇಕಿದ್ದರೆ ಗೇಟಿನ ಹತ್ತಿರ ತೆಗೆದುಕೊಳ್ಳಿ. ಬಟ್ಟೆ ಯಾವುದೆಂದು ಕೇಳುತ್ತಿದ್ದೀರಿ, ದಿನಾ ಹಾಕುವ ಸಮವಸ್ತ್ರವೇ ಸಾಕು.'